ಬೆಳಿಗ್ಗೆ ಎರಡು ಗಂಟೆಗೆ ಸ್ಕೂಲು

ಆನ್‌ಸೈಟ್ ಅಂತ ಹೋದ ಗೆಳೆಯರನ್ನು ಕೇಳಿ ನೋಡಿ. ವಿಮಾನ ಇಳಿದ ವಾರದೊಳಗೆ ಕನ್ನಡ ಸಂಘದ ವಾಟ್ಸಾಪ್ ಗ್ರೂಪ್ ಸಿಕ್ಕಿರುತ್ತೆ. ಮುಂದಿನ ವಾರಕ್ಕೆ ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತಾನೂ ಗೊತ್ತಾಗಿರುತ್ತೆ. ಪರದೇಶದಲ್ಲಿ ನಮ್ಮವರ ಬದುಕು ಅಂದರೆ ನಮ್ಮ ಕಣ್ಣ ಮುಂದೆ ಬರೋದೇ ಇದು. ಆದರೆ 1950, 60ರ ದಶಕಗಳಲ್ಲಿ ಬೇರೆ ಥರ ಬದುಕಿದ ಭಾರತೀಯರಿದ್ದರು. ದೂರದೂರದ ಪಟ್ಟಣಗಳಲ್ಲಿ ಬೆರಳೆಣಿಕೆಯ ಮನೆಗಳಾಗಿ ಹಂಚಿಹೋದವರು. ಇಥಿಯೋಪಿಯಾಕ್ಕೆ ಪಾಠ ಹೇಳಲು ಹೋದ ಮೇಷ್ಟ್ರು, ಮೇಡಮ್ಮುಗಳು.

ಅಲ್ಲಿಗೇ ಯಾಕೆ? 1936ರಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯಾವನ್ನು ಆಕ್ರಮಿಸಿಕೊಂಡಿತು. 1937ರ ಫೆಬ್ರವರಿಯಲ್ಲಿ ಆಡಿಸ್ ಅಬಾಬಾದಲ್ಲಿ ವೈಸರಾಯ್ ಗ್ರಾಜಿಯಾನಿಯ ಮೇಲೆ ಬಾಂಬ್ ದಾಳಿ ಆಯಿತು. ಅದರ ಸೇಡಿಗೆ ಸಾವಿರಾರು ಜನರನ್ನು ಕೊಂದರು. ಓದು ಬರಹ ಕಲಿತ ಯುವಕರನ್ನಂತೂ ಹುಡುಕಿ ಹುಡುಕಿ ಮುಗಿಸಿದರು. 1941ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಮರಳಿ ಬಂದಾಗ ಶಾಲೆ ಕಟ್ಟಿಸಬಹುದಿತ್ತು, ಪಾಠ ಮಾಡೋರು ಎಲ್ಲಿದ್ದರು? ಹೈಸ್ಕೂಲು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆಗ ಕಣ್ಣಿಗೆ ಬಿದ್ದವರು ನಮ್ಮ ಬಿಎ, ಬಿಎಸ್ಸಿ ಪದವೀಧರರು. ಯುರೋಪಿನವರಿಗೆ ಕೊಡಬೇಕಾದಷ್ಟು ಸಂಬಳ ಇವರಿಗೆ ಬೇಕಿರಲಿಲ್ಲ. ಇವರಿಗೋ, ಊರಲ್ಲಿ ಸಿಗುವುದಕ್ಕಿಂತ ಅದೇ ಎಷ್ಟೋ ಹೆಚ್ಚು. ಹೋದವರಲ್ಲಿ ಬಹುಪಾಲು ಕೇರಳದವರು. ಗಂಡ ಹೆಂಡತಿ ಇಬ್ಬರೂ ಶಿಕ್ಷಕರಾಗಿ ಹೋದ ಸಂಸಾರಗಳೂ ಇದ್ದವು.

ರಾಜಧಾನಿಯಲ್ಲಿ ಪೋಸ್ಟಿಂಗ್ ಸಿಕ್ಕರೆ ಅದೃಷ್ಟ. ಉಳಿದವರು ಹರಾರ್, ಗೊಂಡಾರ್, ದೆಸ್ಸಿ, ಜಿಮ್ಮಾ ಅಂತ ಚದುರಿಹೋದರು. ಅಲ್ಲಿ ಗಡಿಯಾರವೇ ಬೇರೆ. ದಿನದ ಲೆಕ್ಕ ಸೂರ್ಯೋದಯದಿಂದ ಶುರು, ಹೆಚ್ಚೂಕಡಿಮೆ ನಮ್ಮ ಅಜ್ಜಂದಿರ ಘಳಿಗೆ ಲೆಕ್ಕದ ಹಾಗೆ. ನಮ್ಮ ಎಂಟು ಗಂಟೆ ಅಂದರೆ ಅಲ್ಲಿ ಎರಡು. ವರ್ಷಕ್ಕೆ 13 ತಿಂಗಳು. ಇಸವಿ ನಮಗಿಂತ ಏಳೆಂಟು ವರ್ಷ ಹಿಂದೆ.

ಅಮ್ಹಾರಿಕ್ ಲಿಪಿ ಮಾತ್ರ ಅಷ್ಟೇನೂ ಪರಕೀಯ ಅನ್ನಿಸಿರಲಿಕ್ಕಿಲ್ಲ. ಒಂದೊಂದು ವ್ಯಂಜನಕ್ಕೂ ಏಳು ರೂಪ. ಲು, ಲಿ, ಲಾ ಅಂತ ಸಾಲಾಗಿ ಹೇಳಿಕೊಂಡು ಹೋಗೋದು, ಥೇಟ್ ನಮ್ಮ ಕಾಗುಣಿತ. ಊಟವೂ ಅಷ್ಟೇ. ತೆಫ್ ಎಂಬ ಧಾನ್ಯದ ಹುಳಿ ಹಿಟ್ಟನ್ನು ಕಾವಲಿ ಮೇಲೆ ಹುಯ್ದು ಮಾಡುವ ಇಂಜೆರಾ ದೋಸೆಯ ದೂರದ ನೆಂಟ. ಬುಧವಾರ, ಶುಕ್ರವಾರ ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರಿಗೆ ಉಪವಾಸ. ಅಂದರೆ ಮಾಂಸ, ಹಾಲು ಮುಟ್ಟೋ ಹಾಗಿಲ್ಲ. ಸಸ್ಯಾಹಾರಿ ಮೇಷ್ಟ್ರಿಗೆ ಅವತ್ತು ಬೇಳೆ ಸಾರು, ಜುಣಕದಂಥ ಶಿರೋ ಧಾರಾಳ.

ಊರಲ್ಲಿ ಮಲಯಾಳಿ, ತಮಿಳ, ಮರಾಠಿ ಅಂತ ಇದ್ದವರು ಅಲ್ಲಿ ಎಲ್ಲರೂ ‘ಹಿಂದ್’ನವರೇ, ಭಾರತಕ್ಕೆ ಅಮ್ಹಾರಿಕ್‌ನಲ್ಲಿ ಇರೋ ಹೆಸರು ಅದು. ಸಂಘ ಕಟ್ಟುವಷ್ಟು ಜನ ಸಣ್ಣ ಊರುಗಳಲ್ಲಿ ಎಲ್ಲಿಂದ ಬರಬೇಕು? ಅಕ್ಕಪಕ್ಕದವರ ಮನೆಯಲ್ಲಿ ಬೀಜ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಡುವಾಗ ಕೂರಬೇಕಾದದ್ದು ಊರವರ ಜೊತೆಗೇ.

ಆದರೂ ಇವರು ಕಾಂಟ್ರ್ಯಾಕ್ಟ್ ಮೇಲೆ ಬಂದ ಅತಿಥಿಗಳು. ರಾಜಕೀಯ ಇವರ ಸಬ್ಜೆಕ್ಟ್ ಆಗಿರಲಿಲ್ಲ. ಮಕ್ಕಳಿಗೆ ಆಗಿತ್ತು. 1965ರಲ್ಲೇ ಆಡಿಸ್‌ನ ವಿದ್ಯಾರ್ಥಿಗಳು ‘ಉಳುವವನಿಗೆ ಭೂಮಿ’ ಅಂತ ಬೀದಿಗಿಳಿದಿದ್ದರು. ನಮ್ಮಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಇಥಿಯೋಪಿಯಾದಲ್ಲಿ ಚಕ್ರವರ್ತಿಯನ್ನೇ ಇಳಿಸಿದರು. ಇಲ್ಲಿ ಕೆಲಸ ಮಾಡಿದ್ದು ಶಾಸನ, ಟ್ರಿಬ್ಯುನಲ್. ಅಲ್ಲಿ ಬಂದದ್ದು ಡೆರ್ಗ್ ಎಂಬ ಸೈನಿಕರ ಆಡಳಿತ. ಭೂಮಿಯನ್ನು 1975ರಲ್ಲಿ ರಾಷ್ಟ್ರೀಕರಿಸಿದ್ದೂ ಅವರೇ. ಮೇಲಿನ ತರಗತಿಗಳನ್ನು ಮುಚ್ಚಿಸಿ ಸುಮಾರು 60 ಸಾವಿರ ವಿದ್ಯಾರ್ಥಿಗಳು, ಶಿಕ್ಷಕರನ್ನು ಹಳ್ಳಿಗಳಿಗೆ ಕಳಿಸಿದರು. 1977-78ರ ‘ಕೆಂಪು ಭಯೋತ್ಪಾದನೆ’ಯಲ್ಲಿ ಸತ್ತವರಲ್ಲಿ ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರು ತುಂಬಾ ಜನ.

ಅಂದರೆ, ಈ ಮೇಷ್ಟ್ರುಗಳು ಹಾಜರಿ ಕೂಗುತ್ತಿದ್ದ ತಲೆಮಾರು.

ಆ ವರ್ಷಗಳಲ್ಲಿ ಎಷ್ಟೋ ಭಾರತೀಯ ಸಂಸಾರಗಳು ಗಂಟುಮೂಟೆ ಕಟ್ಟಿದವು. ಕೆಲವರು ಊರಿಗೆ ಮರಳಿದರು, ಕೆಲವರು ಆಫ್ರಿಕಾದ ಬೇರೆ ದೇಶಗಳ ಶಾಲೆಗಳಿಗೆ ಹೋದರು. ಇವರ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಮಕ್ಕಳ ಕೈಯಲ್ಲಿ ಇರಲಿಲ್ಲ. ತಪ್ಪು ಅಂತ ಹೇಗೆ ಹೇಳೋದು? ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಾವೇ ಅಲ್ಲಿದ್ದರೂ ಅದನ್ನೇ ಮಾಡ್ತಿದ್ವಿ. ಆದರೆ ‘ಎಲ್ಲರ ಜೊತೆ ಬೆರೆತು ಬಾಳಿದರು’ ಅಂತ ಬರೆದು ಕೈತೊಳೆದುಕೊಂಡರೆ ಈ ಕಥೆ ಅರ್ಧಕ್ಕೇ ನಿಲ್ಲುತ್ತೆ. ಎಷ್ಟೇ ಬೆರೆತರೂ, ಹೊರಡುವ ಬಾಗಿಲು ಯಾರಿಗೆ ತೆರೆದಿರುತ್ತೆ ಅನ್ನೋದು ಕೊನೆಗೆ ಗೊತ್ತಾಗೇ ಗೊತ್ತಾಗುತ್ತೆ. ಆನ್‌ಸೈಟ್ ಹೋಗೋ ನಮಗೂ ಇದು ಹೊಸದಲ್ಲ.

ಆದರೂ ಏನೋ ಉಳಿದಿದೆ. ನಮ್ಮ ಪಠ್ಯಪುಸ್ತಕದಲ್ಲಿ ಇವರ ಸುದ್ದಿ ಸಿಗೋದಿಲ್ಲ. ಹಾಗಾಗಿ ಕೆಲಸದ ಮೇಲೆ ಹೊರಗೆ ಹೋದಾಗ ಅರವತ್ತು ದಾಟಿದ ಇಥಿಯೋಪಿಯಾದವರು ಯಾರಾದರೂ ಪರಿಚಯವಾದರೆ, ಹೈಸ್ಕೂಲಲ್ಲಿ ನಿಮಗೆ ಗಣಿತ ಹೇಳಿಕೊಟ್ಟವರು ಯಾರು ಅಂತ ಕೇಳಿ ನೋಡಿ. ಒಬ್ಬ ಭಾರತೀಯ ಮೇಷ್ಟ್ರ ಹೆಸರು ಬಂದರೆ ಆಶ್ಚರ್ಯಪಡಬೇಡಿ. ಆಮೇಲೆ, ಕ್ಲಾಸಿನ ಉಳಿದವರು ಏನಾದರು ಅಂತಾನೂ ಕೇಳಿ. ಉತ್ತರ ಬರೋತನಕ ಕಾಯಿರಿ.