ಸ್ತ್ರೀಯರ ಹೃದಯಾರೋಗ್ಯ: ಕೊಂಚ ಚರಿತ್ರೆ, ಕೊಂಚ ಎಚ್ಚರಿಕೆ

ವಾಚಕರೇ, ವೈದ್ಯರ ಕೊರಳಿನಲ್ಲಿ ತೂಗುವ ಸ್ಟೆತೊಸ್ಕೋಪನ್ನು ನೀವೆಲ್ಲರೂ ಕಂಡಿದ್ದೀರಿ. ಅದರ ತಣ್ಣನೆಯ ಬಿಲ್ಲೆ ಎದೆಗೆ ತಾಗಿದಾಗ ಉಸಿರು ಬಿಗಿಹಿಡಿದು ಕುಳಿತದ್ದೂ ನಿಮಗೆ ನೆನಪಿರಬಹುದು. ಆದರೆ ಒಬ್ಬ ಹೆಣ್ಣುಮಗಳ ಹೃದಯದ ಬಡಿತವನ್ನು ಕೇಳಬೇಕಾಗಿ ಬಂದದ್ದರಿಂದಲೇ ಆ ಉಪಕರಣ ಹುಟ್ಟಿತೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅದು 1816ನೆಯ ಇಸವಿಯ ಮಾತು. ಪ್ಯಾರಿಸ್ಸಿನ ವೈದ್ಯ ರೆನೆ ಲೇನೆಕ್ ಅವರಲ್ಲಿಗೆ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ತರುಣಿ ಬಂದಳು. ಎದೆಯ ಮೇಲೆ ಬೆರಳಿನಿಂದ ತಟ್ಟಿ ನೋಡುವುದು, ಕೈಯಿಟ್ಟು ನೋಡುವುದು, ಇಲ್ಲವೆ ಕಿವಿಯನ್ನೇ ಎದೆಗೆ ಆನಿಸಿ ಕೇಳುವುದು, ಆ ಕಾಲದ ಪರೀಕ್ಷೆಯ ಮಾರ್ಗಗಳು ಇವೇ. ತರುಣಿ ಸ್ಥೂಲಕಾಯಳಾದ್ದರಿಂದ ತಟ್ಟಿ ನೋಡಿದರೆ ಹೆಚ್ಚೇನೂ ತಿಳಿಯುವಂತಿರಲಿಲ್ಲ; ಪ್ರಾಯದ ಹೆಣ್ಣಿನ ಎದೆಗೆ ಕಿವಿಯಿಡುವುದಂತೂ ಮರ್ಯಾದೆಗೆ ಸಲ್ಲದು. ಮರದ ತೊಲೆಯ ಒಂದು ಕೊನೆಯನ್ನು ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ಕೊನೆಗೆ ಕಿವಿಯಿಟ್ಟವರಿಗೆ ಆ ಸದ್ದು ಚೆನ್ನಾಗಿ ಕೇಳುತ್ತದೆಂಬ ಸಂಗತಿ ಲೇನೆಕರಿಗೆ ಆಗ ನೆನಪಿಗೆ ಬಂದಿತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಯ ಮೇಲಿಟ್ಟು, ಇನ್ನೊಂದಕ್ಕೆ ಕಿವಿಗೊಟ್ಟರು. ಕಿವಿಯನ್ನೇ ಆನಿಸಿ ಕೇಳುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು! ಆ ಕಾಗದದ ಸುರುಳಿಯೇ ಮುಂದೆ ಮರದ ಕೊಳವೆಯಾಯಿತು. 1819ರಲ್ಲಿ ಲೇನೆಕರು ಈ ಪರೀಕ್ಷಾಕ್ರಮವನ್ನು ವಿವರಿಸಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು.

ಹೀಗೆ ಹೃದಯದ ದನಿ ಕೇಳುವ ಸಾಧನ ಹೆಣ್ಣಿನ ನಿಮಿತ್ತವಾಗಿಯೇ ಬಂದಿತು. ಆದರೂ ಆಮೇಲಿನ ನೂರ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ವೈದ್ಯಶಾಸ್ತ್ರವು ಹೆಂಗಸಿನ ಹೃದಯದ ಮಾತಿಗೆ ಸರಿಯಾಗಿ ಕಿವಿಗೊಡಲಿಲ್ಲ. ಹೃದಯಾಘಾತವೆಂದರೆ ಗಂಡಸರ ಕಾಯಿಲೆ ಎಂಬ ಭಾವನೆ ವೈದ್ಯರಲ್ಲೂ ಜನರಲ್ಲೂ ಬೇರೂರಿ ನಿಂತಿತ್ತು. ಇದು ಹೇಗಾಯಿತು, ಯಾರು ಇದನ್ನು ತಿದ್ದಿದರು, ಅದರಿಂದ ನಮ್ಮ ಮನೆಯ ತಾಯಂದಿರೂ ಸೋದರಿಯರೂ ಕಲಿಯಬೇಕಾದ್ದೇನು ಎಂಬುದನ್ನು ನೋಡೋಣ.

ಈ ಭಾವನೆಯ ಬೇರು ಲೇನೆಕರಿಗಿಂತಲೂ ಹಿಂದಿನದು. ಲಂಡನ್ನಿನಲ್ಲಿ ವಿಲಿಯಂ ಹೆಬರ್ಡನ್ ಎಂಬ ಹೆಸರಾಂತ ವೈದ್ಯರಿದ್ದರು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಎದೆಯನ್ನು ಹಿಂಡಿದಂತಾಗಿ, ನಿಂತೊಡನೆ ಇಳಿದುಹೋಗುವ ಒಂದು ಬಗೆಯ ನೋವನ್ನು ಅವರು 1768ರಲ್ಲಿ ವೈದ್ಯರ ಸಭೆಯ ಮುಂದೆ ವರ್ಣಿಸಿದರು. 1772ರಲ್ಲಿ ಅದು ಅಚ್ಚಾಯಿತು. ಇಂದು ನಾವು ಆಂಜೈನಾ ಎನ್ನುವುದು ಇದನ್ನೇ. ತಾವು ಕಂಡ ಇಂಥ ರೋಗಿಗಳು ಹೆಚ್ಚುಕಡಿಮೆ ನೂರು ಮಂದಿ, ಅವರಲ್ಲಿ ಹೆಂಗಸರು ಮೂವರೇ, ಒಬ್ಬ ಹನ್ನೆರಡು ವರ್ಷದ ಹುಡುಗ, ಮಿಕ್ಕವರೆಲ್ಲ ಐವತ್ತರ ಆಸುಪಾಸಿನ ಅಥವಾ ಅದನ್ನು ದಾಟಿದ ಗಂಡಸರು ಎಂದು ಅವರು ಬರೆದಿಟ್ಟರು.

ಹೆಬರ್ಡನ್ನರು ಕಂಡದ್ದನ್ನೇ ಬರೆದರು, ಅದರಲ್ಲಿ ತಪ್ಪಿಲ್ಲ. ಆದರೆ ಹೃದಯದ ರಕ್ತನಾಳಗಳ ಕಾಯಿಲೆ ಹೆಂಗಸರಿಗೆ ತಡವಾಗಿ ಬರುತ್ತದೆ. ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವೆಂದು ಈಗ ಲೆಕ್ಕ ಸಿಕ್ಕಿದೆ. ‘ತಡವಾಗಿ ಬರುತ್ತದೆ’ ಎಂಬುದು ಜನರ ಬಾಯಲ್ಲಿ ‘ಬರುವುದೇ ಇಲ್ಲ’ ಎಂದಾಯಿತು. ಎದೆ ನೋವೆಂದು ಬಂದ ಹೆಂಗಸಿಗೆ ನರಗಳ ದೌರ್ಬಲ್ಯ, ಹಿಸ್ಟೀರಿಯಾ, ಮನಸ್ಸಿನ ಉದ್ವೇಗ ಎಂಬ ಹೆಸರುಗಳು ಸುಲಭವಾಗಿ ದೊರೆತವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹೃದ್ರೋಗದ ಸಾವುಗಳು ವಿಪರೀತವಾದವು. 1948ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಸಾಧಾರಣ ಊರನ್ನು ಆರಿಸಿಕೊಂಡು, ಅಲ್ಲಿನ 5,209 ಮಂದಿಯನ್ನು ವರ್ಷಗಟ್ಟಲೆ ಪರೀಕ್ಷಿಸುವ ಕಾರ್ಯ ಆರಂಭವಾಯಿತು. ಇವರಲ್ಲಿ 2,873 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಹೆಂಗಸರೇ. ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್, ಧೂಮಪಾನ ಇವು ಹೃದಯಕ್ಕೆ ಕೇಡೆಂದು ನಾವು ಇಂದು ಸಲೀಸಾಗಿ ಹೇಳುತ್ತೇವಲ್ಲವೆ, ಆ ಜ್ಞಾನಕ್ಕೆ ಈ ಊರಿನ ಹೆಂಗಸರ ಕೊಡುಗೆ ದೊಡ್ಡದು. ಆದರೆ ಅದೇ ಊರಿನ ಮೊದಲ ವರ್ಷಗಳ ಲೆಕ್ಕದಲ್ಲಿ, ಎದೆನೋವೆಂದ ಹೆಂಗಸರಲ್ಲಿ ಮುಂದೆ ಹೃದಯಾಘಾತ ಕಂಡದ್ದು ಗಂಡಸರಲ್ಲಿ ಕಂಡದ್ದಕ್ಕಿಂತ ಕಡಿಮೆ. ಹೆಂಗಸಿನ ಎದೆನೋವು ಅಷ್ಟೇನೂ ಭಯಪಡತಕ್ಕದ್ದಲ್ಲ ಎಂಬ ತೀರ್ಮಾನಕ್ಕೆ ಇದೂ ಒಂದು ಆಧಾರವಾಯಿತು.

1964ರಲ್ಲಿ ಅಮೆರಿಕದ ಹೃದಯ ಸಂಘವು ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಹೆಂಗಸರಿಗೆಂದೇ ಹೃದ್ರೋಗದ ವಿಚಾರವಾಗಿ ಒಂದು ಸಮ್ಮೇಳನ ನಡೆಸಿತು. ಅದಕ್ಕಿಟ್ಟ ಹೆಸರೇನು ಗೊತ್ತೆ? ‘ಹೃದಯಗಳು ಮತ್ತು ಗಂಡಂದಿರು’! ಗಂಡನ ಹೃದಯವನ್ನು ಹೆಂಡತಿ ಹೇಗೆ ಕಾಪಾಡಬೇಕು ಎಂಬುದೇ ಅಲ್ಲಿನ ಪಾಠ. ಬಂದು ಕುಳಿತ ಆ ಗೃಹಿಣಿಯರ ಹೃದಯದ ಗತಿಯೇನು ಎಂಬ ಪ್ರಶ್ನೆ ಅಲ್ಲಿನ ವಿಷಯವಾಗಿರಲಿಲ್ಲ.

ಮುಂದೆ ನಡೆದ ದೊಡ್ಡ ದೊಡ್ಡ ಪ್ರಯೋಗಗಳಲ್ಲೂ ಇದೇ ಸ್ಥಿತಿ. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳನ್ನು ತಗ್ಗಿಸಿದರೆ ಹೃದ್ರೋಗ ತಗ್ಗುವುದೇ ಎಂದು ನೋಡಿದ, 1982ರಲ್ಲಿ ಫಲಿತಾಂಶ ಹೊರಬಂದ ಒಂದು ಪ್ರಯೋಗದಲ್ಲಿ 12,866 ಮಂದಿಯಿದ್ದರು, ಎಲ್ಲರೂ ಗಂಡಸರು. ಆಸ್ಪಿರಿನ್ ಗುಳಿಗೆ ಹೃದಯಾಘಾತವನ್ನು ತಡೆಯುವುದೇ ಎಂದು ನೋಡಿದ ಇನ್ನೊಂದರಲ್ಲಿ 22,071 ವೈದ್ಯರು, ಅವರೂ ಗಂಡಸರೇ. ಆಸ್ಪಿರಿನ್ನಿನಿಂದ ಹೃದಯಾಘಾತ ಶೇಕಡಾ 44ರಷ್ಟು ಕಡಿಮೆಯಾಯಿತೆಂದು 1989ರಲ್ಲಿ ತಿಳಿದುಬಂದಿತು. ಹೆಂಗಸರಿಗೂ ಇದು ಅನ್ವಯಿಸುತ್ತದೆಂದು ಬಹುಮಂದಿ ಭಾವಿಸಿದರು. 39,876 ಹೆಂಗಸರ ಮೇಲೆ ಇಂಥದೇ ಪ್ರಯೋಗ ನಡೆದು 2005ರಲ್ಲಿ ಫಲಿತಾಂಶ ಬಂದಾಗ ಚಿತ್ರವೇ ಬೇರೆಯಾಗಿತ್ತು. ಅವರಿಗೆ ಕೊಟ್ಟ ಪ್ರಮಾಣ ಕಡಿಮೆಯದು. ಪಾರ್ಶ್ವವಾಯು ಕಡಿಮೆಯಾಯಿತು, ಆದರೆ ಒಟ್ಟಿನಲ್ಲಿ ಮೊದಲ ಹೃದಯಾಘಾತ ಕಡಿಮೆಯಾಗಲಿಲ್ಲ. ಗಂಡನಿಗೆ ಕೊಟ್ಟ ಗುಳಿಗೆಯನ್ನು ಹೆಂಡತಿಯೂ ತಾನಾಗಿ ನುಂಗುವುದು ತರವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಕಡೆಗೆ ಇದನ್ನು ಎತ್ತಿ ಹೇಳಿದವರು ಒಬ್ಬ ಮಹಿಳೆ. ಬರ್ನಡೀನ್ ಹೀಲಿ ಎಂಬ ಹೃದ್ರೋಗ ತಜ್ಞೆ 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೊದಲ ಮಹಿಳಾ ನಿರ್ದೇಶಕಿಯಾದರು. ಹೃದ್ರೋಗಕ್ಕೆಂದು ಆಸ್ಪತ್ರೆ ಸೇರಿದ ಹೆಂಗಸರಿಗೆ ಗಂಡಸರಿಗೆ ದೊರೆಯುವಷ್ಟು ಪರೀಕ್ಷೆಗಳೂ ಚಿಕಿತ್ಸೆಗಳೂ ದೊರೆಯುತ್ತಿಲ್ಲವೆಂದು ಆ ವರ್ಷ ಎರಡು ಅಧ್ಯಯನಗಳು ತೋರಿಸಿದವು. ಅವುಗಳ ಜೊತೆಗೆ ಹೀಲಿಯವರು ಒಂದು ಸಂಪಾದಕೀಯ ಬರೆದರು. ಓದುವ ಆಸೆಯಿಂದ ಗಂಡುವೇಷ ಹಾಕಿದ ಯೆಂಟಲ್ ಎಂಬ ಹುಡುಗಿಯ ಕಥೆಯೊಂದಿದೆ. ಐಸಾಕ್ ಬಾಷೆವಿಸ್ ಸಿಂಗರ್ ಬರೆದದ್ದು. ಹೆಂಗಸು ತನ್ನ ಹೃದ್ರೋಗವೂ ಗಂಡಸಿನದರಂತೆಯೇ ಇದೆಯೆಂದು ತೋರಿಸಿಕೊಟ್ಟ ಮೇಲೆಯೇ ಆಕೆಗೆ ಸಮನಾದ ಚಿಕಿತ್ಸೆ ಸಿಗುತ್ತದೆಂಬ ಈ ಸ್ಥಿತಿಗೆ ಹೀಲಿಯವರು ಆ ಹುಡುಗಿಯ ಹೆಸರನ್ನೇ ಇಟ್ಟರು. ಅದೇ ವರ್ಷ ಅವರ ಪ್ರಯತ್ನದಿಂದ ಹೆಂಗಸರ ಆರೋಗ್ಯಕ್ಕೆಂದೇ ಒಂದು ಮಹಾ ಸಂಶೋಧನೆ ಮೊದಲಾಗಿ, 50ರಿಂದ 79 ವರ್ಷದ 1,61,808 ಮಂದಿ ಮಹಿಳೆಯರು ಅದರಲ್ಲಿ ಸೇರಿದರು. ಮುಟ್ಟು ನಿಂತ ಮೇಲೆ ಹಾರ್ಮೋನು ಗುಳಿಗೆ ಸೇವಿಸಿದರೆ ಹೃದಯಕ್ಕೆ ರಕ್ಷಣೆ ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಎರಡು ಹಾರ್ಮೋನುಗಳನ್ನು ಸೇರಿಸಿ ಕೊಟ್ಟವರಲ್ಲಿ ಕೇಡೇ ಹೆಚ್ಚೆಂದು ಕಂಡು, 2002ರಲ್ಲಿ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಇದೆಲ್ಲ ಪರದೇಶದ ಕಥೆಯಾಯಿತು, ನಮ್ಮವರಲ್ಲಿ ಯಾರೂ ಇದನ್ನು ಗಮನಿಸಲಿಲ್ಲವೆ ಎಂದು ನೀವು ಕೇಳಬಹುದು. ಗಮನಿಸಿದರು, ಬಹಳ ಮುಂಚೆಯೇ ಗಮನಿಸಿದರು. ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರು 1917ರಲ್ಲಿ ಬರ್ಮಾದಲ್ಲಿ ಹುಟ್ಟಿದವರು. ಅಲ್ಲಿ ವೈದ್ಯ ಪದವಿ ಪಡೆದು, ಯುದ್ಧಕಾಲದಲ್ಲಿ ದೇಶ ಬಿಟ್ಟು ಬಂದು, ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಹೆಚ್ಚಿನ ವ್ಯಾಸಂಗ ಮಾಡಿ, ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜನ್ನು ಸೇರಿದರು. ಹೊಗೆಯಿಂದಲೋ ಬೇರೆ ಕಾರಣದಿಂದಲೋ ಶ್ವಾಸಕೋಶ ಕೆಟ್ಟು, ಅದರೊಳಗೆ ರಕ್ತವನ್ನು ತಳ್ಳಲಾರದೆ ಹೃದಯದ ಬಲಭಾಗ ಸೋಲುವ ಒಂದು ಕಾಯಿಲೆಯುಂಟು. ದೆಹಲಿಯ ಇಂಥ 127 ರೋಗಿಗಳ ವಿಚಾರವನ್ನು ಪದ್ಮಾವತಿಯವರು ತಮ್ಮ ಸಹೋದ್ಯೋಗಿಯೊಡನೆ 1959ರಲ್ಲಿ ಪ್ರಕಟಿಸಿದರು. ಪರದೇಶಗಳಲ್ಲಿ ಇದು ಮುಖ್ಯವಾಗಿ ಸಿಗರೇಟು ಸೇದುವ ಗಂಡಸರ ಕಾಯಿಲೆ. ಇಲ್ಲಿಯೋ, ಧೂಮಪಾನ ಅಪರೂಪವಾದ ಹೆಂಗಸರೂ ಗಂಡಸರಿಗೆ ಸರಿಸಮನಾಗಿ ರೋಗಿಗಳಾಗಿದ್ದರು! ಸೌದೆ, ಬೆರಣಿಗಳ ಒಲೆಯ ಮುಂದೆ ಎಳೆವಯಸ್ಸಿನಿಂದ ಕುಡಿದ ಅಡಿಗೆಮನೆಯ ಹೊಗೆಯತ್ತ ಅವರು ಬೆರಳು ತೋರಿದರು. ಅಡಿಗೆಮನೆಗೂ ಹೃದಯಕ್ಕೂ ಇರುವ ನಂಟನ್ನು ಕಂಡ ಆ ವೈದ್ಯೆ ನೂರು ವರ್ಷ ದಾಟಿಯೂ ವೃತ್ತಿಯ ನಂಟು ಬಿಡದೆ, 2020ರಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು 2004ರಲ್ಲಿ 52 ದೇಶಗಳ ರೋಗಿಗಳನ್ನು ಒಳಗೊಂಡ ಒಂದು ಅಧ್ಯಯನ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಅದರಲ್ಲಿ ಭಾಗಿಗಳು. ತಂಬಾಕು, ಕೊಲೆಸ್ಟರಾಲಿನ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣುತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಮೊದಲಾದ ಒಂಬತ್ತು ಸಂಗತಿಗಳೇ ಮೊದಲ ಹೃದಯಾಘಾತಗಳಲ್ಲಿ ಗಂಡಸರಲ್ಲಿ ಶೇಕಡಾ 90ಕ್ಕೂ, ಹೆಂಗಸರಲ್ಲಿ ಶೇಕಡಾ 94ಕ್ಕೂ ಲೆಕ್ಕ ಕೊಡುತ್ತವೆಂದು ಅದು ತಿಳಿಸಿತು. ನಮ್ಮ ಕಡೆಯ ಜನಕ್ಕೆ ಈ ಆಘಾತ ಮಿಕ್ಕ ದೇಶದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆಂಬುದೂ ಗೊತ್ತಾಯಿತು. ಇದರಲ್ಲಿ ಭಯವೂ ಇದೆ, ಭರವಸೆಯೂ ಇದೆ. ಏಕೆಂದರೆ ಈ ಪಟ್ಟಿಯಲ್ಲಿ ಬಹುಪಾಲು ನಮ್ಮ ಮನೆಯೊಳಗೇ ತಿದ್ದಿಕೊಳ್ಳಬಹುದಾದ್ದು.

ಅಡಿಗೆಮನೆಯಿಂದಲೇ ಆರಂಭಿಸೋಣ. ಗ್ಯಾಸಿನ ಒಲೆ ಬಂದ ಮನೆಯಲ್ಲಿ ಹೊಗೆಯ ಕಾಟ ತಪ್ಪಿತು. ಆದರೆ ಸ್ನಾನದ ಹಂಡೆಯ ಒಲೆ ಇನ್ನೂ ಸೌದೆಯದಾದರೆ ಹೊಗೆ ಹೊರಗೆ ಹೋಗಲು ದಾರಿಯಿರಲಿ. ಉಪ್ಪು ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ ಒಂದು ಟೀ ಚಮಚವನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಆ ಲೆಕ್ಕಕ್ಕೆ ಸೇರಿದ್ದು. ಸೊಪ್ಪು, ಕಾಳು, ರಾಗಿ, ಕೋಸಂಬರಿ ನಮ್ಮ ಊಟಕ್ಕೆ ಹೊಸವಲ್ಲ. ಅವು ಗೃಹಿಣಿಯ ಎಲೆಯ ಮೇಲೂ ಬೀಳಬೇಕು. ಎಲ್ಲರದೂ ಮುಗಿದ ಮೇಲೆ ತಳದಲ್ಲಿ ಉಳಿದ ಅನ್ನವನ್ನು, ಕೆಟ್ಟುಹೋದೀತೆಂದು, ಹಸಿವಿಲ್ಲದಿದ್ದರೂ ಉಂಡು ಮುಗಿಸುವ ಪದ್ಧತಿ ಮಿತವ್ಯಯವಲ್ಲ. ಅದರ ಬೆಲೆಯನ್ನು ದೇಹ ತೆರುತ್ತದೆ. ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದವರು ಅದನ್ನು ಬಿಡಲೇಬೇಕು.

“ದಿನವೆಲ್ಲ ಮನೆಗೆಲಸ ಮಾಡುತ್ತೇನೆ, ನನಗೇಕೆ ವ್ಯಾಯಾಮ?” ಎನ್ನುವವರುಂಟು. ಕೆಲಸವೂ ಒಳ್ಳೆಯದೇ. ಆದರೆ ಉಸಿರು ತುಸು ಬಿರುಸಾಗುವಂತೆ ನಡೆಯುವುದರ ಲಾಭವೇ ಬೇರೆ. ಅಮೆರಿಕದ 72,488 ಮಂದಿ ದಾದಿಯರನ್ನು ಗಮನಿಸಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಬಿರುಸಾಗಿ ನಡೆದವರಲ್ಲಿ ಹೃದ್ರೋಗದ ಅಪಾಯ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಿತ್ತು. ಎಂದರೆ ದಿನಕ್ಕೆ ಅರ್ಧ ಗಂಟೆ. ಮನೆಯವರು ಆ ಅರ್ಧ ಗಂಟೆಯ ಕೆಲಸವನ್ನು ಹಂಚಿಕೊಂಡರೆ ಸಾಕು.

ಬಸುರಿನಲ್ಲಿ ರಕ್ತದೊತ್ತಡ ಏರಿದ್ದವರು, ಸಕ್ಕರೆ ಕಾಣಿಸಿಕೊಂಡಿದ್ದವರು ಹೆರಿಗೆಯಾದ ಮೇಲೆ ಅದನ್ನು ಮರೆತುಬಿಡಬಾರದು. ಅಂಥವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚೆಂದು ಈಗ ಖಚಿತವಾಗಿದೆ. ಎಷ್ಟು ವರ್ಷ ಕಳೆದಿದ್ದರೂ ವೈದ್ಯರಿಗೆ ಆ ಸಂಗತಿಯನ್ನು ಹೇಳಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲುಗಳನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕು.

ಕಡೆಯದಾಗಿ ಮುಖ್ಯವಾದ ಒಂದು ಮಾತು. ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಸಾಮಾನ್ಯ ಲಕ್ಷಣ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೇ, ಉಬ್ಬಸ, ಓಕರಿಕೆ, ತಣ್ಣನೆಯ ಬೆವರು, ದವಡೆಯಲ್ಲೋ ಬೆನ್ನಿನಲ್ಲೋ ನೋವು, ಹಿಂದೆಂದೂ ಕಾಣದ ಸುಸ್ತು ಬರಬಹುದು. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಏನಾಗುತ್ತದೆ? “ವಾಯು ಇರಬೇಕು, ಒಂದು ಲೋಟ ಜೀರಿಗೆ ಕಷಾಯ ಕುಡಿದರೆ ಸರಿಹೋಗುತ್ತದೆ, ನೀವು ಊಟಕ್ಕೇಳಿ” ಎನ್ನುತ್ತಾಳೆ ಗೃಹಿಣಿ. ಮನೆಯವರೂ ನಂಬಿ ಊಟಕ್ಕೇಳುತ್ತಾರೆ. ಹೃದಯಾಘಾತದಲ್ಲಿ ಕಳೆದ ಪ್ರತಿಯೊಂದು ನಿಮಿಷವೂ ಹೃದಯದ ಸ್ನಾಯುವಿಗೆ ನಷ್ಟ. ಅದೇ ಮನೆಯ ಯಜಮಾನರಿಗೆ ಹಾಗಾಗಿದ್ದರೆ ಆಕೆ ಕಷಾಯ ಕಾಯಿಸುತ್ತ ಕೂರುತ್ತಿದ್ದಳೆ? ತನಗಾದಾಗಲೂ ತಡಮಾಡದೆ ಹೇಳಬೇಕು. ಹೇಳಿದೊಡನೆ ಮನೆಯವರು 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಪರೀಕ್ಷೆಯಲ್ಲಿ ವಾಯುವೆಂದೇ ತಿಳಿದುಬಂದರೆ ನಗುತ್ತ ಹಿಂದಿರುಗಿ ಬರಬಹುದು.

ಮುಂದಿನ ಸಲ ನಿಮ್ಮ ಮನೆಯವರಾರನ್ನಾದರೂ ಪರೀಕ್ಷೆಗೆ ಕರೆದೊಯ್ದಾಗ, ಜೊತೆಗೆ ಬಂದು ಬಾಗಿಲ ಬಳಿಯೇ ಕುಳಿತಿರುವ ತಾಯಿಯನ್ನೋ ಅತ್ತೆಯನ್ನೋ ಹೆಂಡತಿಯನ್ನೋ ಒಳಕ್ಕೆ ಕರೆಯಿರಿ. “ಡಾಕ್ಟರೇ, ಇವರನ್ನೂ ಒಂದಿಷ್ಟು ನೋಡಿ” ಎನ್ನಿ. ಆ ಉಪಕರಣ ಮೊದಲು ಹುಟ್ಟಿದ್ದೇ ಇಂಥವರೊಬ್ಬರಿಗಾಗಿ.