ಎಮು: ಹಕ್ಕಿಗಿಂತ ಮೊದಲೇ ಹೊರಟ ಹೆಸರು

ಎಮು ಆಸ್ಟ್ರೇಲಿಯದ ಹಕ್ಕಿ. ‘ಎಮು’ ಎಂಬ ಪದ ಮಾತ್ರ ಆಸ್ಟ್ರೇಲಿಯದ್ದಲ್ಲ. ಕಾಂಗರೂ, ಡಿಂಗೋ, ಕೂಕಬರ್ರ ಈ ಹೆಸರುಗಳೆಲ್ಲ ಅಲ್ಲಿನ ಮೂಲನಿವಾಸಿಗಳ ನುಡಿಗಳಿಂದ ಹುಟ್ಟಿದವು. ಆ ನೆಲದ ಅತಿ ಎತ್ತರದ ಹಕ್ಕಿಗೆ ಮಾತ್ರ ಹೆಸರು ಹೊರಗಿನಿಂದ ಬಂತು. ಅದೂ ಯುರೋಪಿನವರು ಆ ಹಕ್ಕಿಯನ್ನು ಕಾಣುವುದಕ್ಕೆ ಎಷ್ಟೋ ಮೊದಲೇ ಚಾಲ್ತಿಯಲ್ಲಿದ್ದ ಹೆಸರು.

ಇದರ ಮೂಲ ಪೋರ್ಚುಗೀಸ್ ಭಾಷೆಯ ‘ಎಮ’. ಮೊದಮೊದಲು ಅದು ಕೊಕ್ಕರೆ ಜಾತಿಯ ಉದ್ದಕಾಲಿನ ಹಕ್ಕಿಗೆ ಸಲ್ಲುತ್ತಿತ್ತು, ಆಮೇಲೆ ಉಷ್ಟ್ರಪಕ್ಷಿಗೂ ಸಂದಿತು. ಉಷ್ಟ್ರಪಕ್ಷಿಯನ್ನು ಹೇಳುವ ಅರಬಿಯ ‘ನಆಮ’ದಿಂದ ಇದು ಬಂದಿರಬಹುದೆಂಬ ಊಹೆಯೂ ಇದೆ. ನಾವಿಕರು ಹೊಸ ನೆಲದಲ್ಲಿ ಎತ್ತರದ ಹಕ್ಕಿ ಕಂಡಾಗಲೆಲ್ಲ ಕೈಗೆ ಸಿಕ್ಕ ಈ ಪದವನ್ನೇ ಅಂಟಿಸಿದರು. ಬ್ರೆಜಿಲ್‌ನಲ್ಲಿ ಅದು ರಿಯಾ ಎಂಬ ಹಕ್ಕಿಗೆ ಅಂಟಿತು. ಪೂರ್ವದ ದ್ವೀಪಗಳಲ್ಲಿ ಕ್ಯಾಸೊವರಿ ಎಂಬ ಹಕ್ಕಿಗೆ ಅಂಟಿತು.

ಪದ ತಿರುವು ಪಡೆದದ್ದು ಈ ಕ್ಯಾಸೊವರಿಯಿಂದ. 1597ರಲ್ಲಿ ಡಚ್ಚರ ಹಡಗು ಜಾವಾದಿಂದ ಜೀವಂತ ಕ್ಯಾಸೊವರಿಯೊಂದನ್ನು ಆಮ್‌ಸ್ಟರ್‌ಡಾಮಿಗೆ ತಂದಿಳಿಸಿತು. ತಲೆಯ ಮೇಲೆ ಗಟ್ಟಿ ಕಿರೀಟ, ಬೋಳು ನೀಲಿ ಕತ್ತು: ಅಂಥದ್ದನ್ನು ಯುರೋಪು ಕಂಡಿರಲಿಲ್ಲ. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1605ರ ತನ್ನ ಗ್ರಂಥದಲ್ಲಿ ಅದನ್ನು ‘ಎಮೆಯು’ ಎಂದು ದಾಖಲಿಸಿದ. ಹೀಗೆ ಹದಿನೇಳನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲೂ ಎಮು ಎಂದರೆ ಕ್ಯಾಸೊವರಿಯೇ.

ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದ್ದು 1788ರಲ್ಲಿ. ಮರುವರ್ಷ ಪ್ರಕಟವಾದ ಗವರ್ನರ್ ಆರ್ಥರ್ ಫಿಲಿಪ್‌ನ ಪ್ರವಾಸಕಥನದಲ್ಲಿ ನಮ್ಮ ಹಕ್ಕಿ ‘ನ್ಯೂ ಹಾಲೆಂಡಿನ ಕ್ಯಾಸೊವರಿ’ಯಾಗಿ ಕಾಣಿಸಿಕೊಂಡಿತು. 1790ರಲ್ಲಿ ಜಾನ್ ಲೇಥಮ್ ಕೊಟ್ಟ ಶಾಸ್ತ್ರೀಯ ಹೆಸರಿನ ಅರ್ಥವೂ ಅದೇ. ಫ್ರೆಂಚ್ ಪಕ್ಷಿಶಾಸ್ತ್ರಜ್ಞ ವಿಯೆಯೊ 1816ರಲ್ಲಿ ಇದನ್ನು ಬೇರೆ ಕುಲವೆಂದು ಗುರುತಿಸಿ, ಓಟವನ್ನು ಸೂಚಿಸುವ ಗ್ರೀಕ್ ಮಾತಿನಿಂದ ‘ಡ್ರೊಮೇಯಸ್’ ಎಂದು ಕರೆದ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಹಕ್ಕಿಗೆ ಅದು ಒಪ್ಪುವ ಹೆಸರು. ಲೇಥಮ್ ಕೊಟ್ಟ ಹೆಸರಿನ ‘ನೋವೆಹೊಲಾಂಡಿಯೆ’ (ನ್ಯೂ ಹಾಲೆಂಡಿನ) ಎಂಬ ಭಾಗ ಹಾಗೇ ಉಳಿಯಿತು. ನ್ಯೂ ಹಾಲೆಂಡ್ ಎಂಬ ಹೆಸರನ್ನು ಆ ನೆಲವೇ ಬಿಟ್ಟಿದೆ, ಹಕ್ಕಿ ಇನ್ನೂ ಹೊತ್ತಿದೆ. ಕಾಲಕ್ರಮದಲ್ಲಿ ಕಿರೀಟದ ಹಕ್ಕಿ ಮಲಯ್ ಮೂಲದ ‘ಕ್ಯಾಸೊವರಿ’ಯನ್ನೇ ಉಳಿಸಿಕೊಂಡಿತು, ತೆರವಾದ ‘ಎಮು’ ಬಯಲಿನ ಹಕ್ಕಿಯ ಪಾಲಿಗೆ ಬಂತು. ಈ ಗೊಂದಲ ಬುಡವಿಲ್ಲದ್ದೇನಲ್ಲ, ಇವೆರಡೂ ನಿಜಕ್ಕೂ ಹತ್ತಿರದ ನೆಂಟರು. ಎರಡರಲ್ಲೂ ಗರಿಯ ಒಂದೇ ಬುಡದಿಂದ ಎರಡು ದಂಡುಗಳು ಹೊರಡುತ್ತವೆ.

ಹಾಗಾದರೆ ಅಲ್ಲಿನ ಮೂಲನಿವಾಸಿಗಳ ನುಡಿಗಳಲ್ಲಿ ಈ ಹಕ್ಕಿಯ ಹೆಸರು? ಒಂದಲ್ಲ, ಹಲವು. ವಿರಾಜುರಿ ಜನರಿಗೆ ಅದು ‘ದಿನವನ್’, ನಡುನಾಡಿನ ಪಿಟ್ಜನ್‌ಜಾಟ್ಜರರಿಗೆ ‘ಕಲಯ’. ಈ ಹೆಸರುಗಳ ಹಿಂದೆ ಇರುವ ತಿಳಿವಳಿಕೆಯನ್ನು ನೋಡಿದರೆ ‘ಎಮು’ ಬಡಪದವೆನಿಸುತ್ತದೆ. ಗಮಿಲರಾಯ್ ಜನ ಆಕಾಶಗಂಗೆಯ ಕಪ್ಪು ಪಟ್ಟೆಗಳಲ್ಲೇ ಈ ಹಕ್ಕಿಯನ್ನು ಕಂಡವರು. ನಮ್ಮಲ್ಲೂ ಬೇಸಿಗೆಯ ರಾತ್ರಿ ದಕ್ಷಿಣ ದಿಗಂತದ ಬಳಿ ಕಾಣುವ ತ್ರಿಶಂಕುವಿನ ಪಕ್ಕದ ಕಪ್ಪು ಕಲೆಯೇ ಅದರ ತಲೆ. ಕತ್ತು, ಮೈ ವೃಶ್ಚಿಕದ ಕಡೆಗೆ ಚಾಚಿಕೊಂಡಿವೆ. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶದ ಹಕ್ಕಿ ಓಡುವಂತೆ ತೋರುತ್ತದೆ, ನೆಲದಲ್ಲಿ ಹೆಣ್ಣು ಗಂಡನ್ನು ಅಟ್ಟಿಸಿಕೊಂಡು ಹೋಗುವ ಕಾಲವದು. ಜೂನ್, ಜುಲೈನಲ್ಲಿ ಅದು ಗೂಡಿನಲ್ಲಿ ಕೂತ ಗಂಡು, ಜನ ಮೊಟ್ಟೆ ಹುಡುಕುವ ಕಾಲ. ಕಡುಹಸಿರು ಮೊಟ್ಟೆಗಳಿಗೆ ಕಾವು ಕೊಡುವುದು ಗಂಡೇ: ಸುಮಾರು ಎಂಟು ವಾರ, ಬಹುಪಾಲು ಅನ್ನನೀರು ಬಿಟ್ಟು. ಮೈಗೆ ಪಟ್ಟೆಯಿರುವ ಮರಿಗಳನ್ನು ತಿಂಗಳುಗಟ್ಟಲೆ ಕಾಯುವುದೂ ಅದೇ. ಇಷ್ಟನ್ನೂ ಮನಗಂಡು ಆಕಾಶದ ಪಂಚಾಂಗ ಮಾಡಿಕೊಂಡ ಜನರ ಮಾತನ್ನು ಬಿಟ್ಟು ನಾವಿಕರ ಅಂದಾಜಿನ ಪದ ಲೋಕದಲ್ಲಿ ನಿಂತಿತಲ್ಲ, ಅದು ನ್ಯಾಯವಲ್ಲ.

ದಕ್ಷಿಣ ಭಾರತದಲ್ಲಿ ಎಣ್ಣೆ, ಮಾಂಸದ ಆಸೆಗೆ ಎಮು ಸಾಕಣೆಯ ಭರಾಟೆ ಎದ್ದಾಗ ಈ ಪದ ನಮ್ಮ ರೈತರ ಬಾಯಿಗೂ ಬಂತು. 2012ರ ಹೊತ್ತಿಗೆ ಆ ಭರಾಟೆ ಕುಸಿಯಿತು, ಹಣ ಹೂಡಿದವರು ಕಂಗೆಟ್ಟರು, ಹಕ್ಕಿಗಳು ಮೇವಿಲ್ಲದೆ ನರಳಿದವು. ಪದ ಮಾತ್ರ ಉಳಿದಿದೆ. ಎಮುವನ್ನು ಉಷ್ಟ್ರಪಕ್ಷಿಯೊಂದಿಗೆ ಬೆರೆಸುವುದು ಬೇಡ. ಉಷ್ಟ್ರಪಕ್ಷಿಗೆ ಕಾಲಿಗೆ ಎರಡು ಬೆರಳು, ಎಮುವಿಗೆ ಮೂರು. ಕನ್ನಡ ನಿಘಂಟುಗಳು ‘ಎಮು’ವಿಗೆ ಪ್ರತ್ಯೇಕ ನಮೂದು ಕೊಡಲಿ, ಅದರ ಜೊತೆಗೆ ‘ದಿನವನ್’ ಎಂಬುದನ್ನೂ ಬರೆಯಲಿ.