ಸಾರುವೆ (ಶಿಕ್ಷಣಶಾಸ್ತ್ರ)

ಹೊಸ ಕೌಶಲ ಕಲಿಯುವವರಿಗೆ ಬಲ್ಲವರು ಬೇಕಾದಷ್ಟೇ ನೆರವು ಕೊಟ್ಟು, ಕೈ ಪಳಗಿದಂತೆ ಅದನ್ನು ಹಿಂತೆಗೆದುಕೊಳ್ಳುವ ಬೋಧನಾಕ್ರಮ. ಗೋಡೆ ಏಳುವ ತನಕ ಕಟ್ಟಿ ಆಮೇಲೆ ಬಿಚ್ಚುವ ಸಾರುವೆಯ ಹೋಲಿಕೆಯಿಂದ ಈ ಹೆಸರು ಬಂದಿದೆ. ಶಿಕ್ಷಕರ ನಡುವೆ ‘ಸ್ಕ್ಯಾಫೋಲ್ಡಿಂಗ್’ ಎಂಬ ಮಾತೂ ಬಳಕೆಯಲ್ಲಿದೆ. ಗುರುವಿನ ಕೈಕೆಳಗೆ ಕಸುಬು ಕಲಿಯುವ ರೂಢಿ ಎಲ್ಲ ನಾಡುಗಳಲ್ಲೂ ಹಳೆಯದು. ಇಲ್ಲಿರುವುದು ಪರಿಕಲ್ಪನೆಯ ಚರಿತ್ರೆ ಮಾತ್ರ.

ಇದನ್ನು ರೂಪಿಸಿದವನು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ (1896–1934) ಎಂಬ ಮಾತು ಬಹಳ ಪ್ರಚಲಿತ. ಅದನ್ನು ಹಾಗೆಯೇ ಒಪ್ಪುವಂತಿಲ್ಲ. ಕಲಿಕೆಯ ಚರ್ಚೆಯಲ್ಲಿ ಈ ಪದ ನೆಲೆಯೂರಿದ್ದು ಮನೋವಿಜ್ಞಾನಿಗಳಾದ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಅದರಲ್ಲಿ ವೈಗಾಟ್ಸ್ಕಿಯ ಉಲ್ಲೇಖವಿಲ್ಲ. ಆದರೆ ಆತನ ಕೃತಿಯೊಂದರ 1962ರ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದವನು ಇದೇ ಬ್ರೂನರ್. ಗೊಂದಲದ ಬೇರು ಇಲ್ಲಿದೆ.

1976ರ ಪ್ರಬಂಧ ವರದಿ ಮಾಡಿದ ಪ್ರಯೋಗ ಸರಳವಾಗಿತ್ತು. ಮೂರು, ನಾಲ್ಕು ಮತ್ತು ಐದು ವರ್ಷದ 30 ಮಕ್ಕಳ ಮುಂದೆ ಮರದ 21 ತುಂಡುಗಳನ್ನು ಇಡಲಾಯಿತು. ಗೂಟವನ್ನು ಕುಳಿಗೆ ಸರಿಯಾಗಿ ಕೂರಿಸಿದರೆ ಆರು ಅಂತಸ್ತಿನ ಗೋಪುರ ಏಳುತ್ತಿತ್ತು. ಮಕ್ಕಳು ತಾವಾಗಿ ಮಾಡುವಷ್ಟನ್ನು ಮಾಡಲು ಬಿಟ್ಟು, ತಡವರಿಸಿದಾಗ ಮಾತ್ರ ಬೋಧಕಿ ಕೈಹಾಕುತ್ತಿದ್ದಳು. ಮೂರರ ಮಗುವನ್ನು ಆಟಕ್ಕೆ ಎಳೆದು ತರುವುದೇ ಅವಳ ಮುಖ್ಯ ಕೆಲಸವಾಯಿತು. ನಾಲ್ಕರ ಮಗುವಿಗೆ ತಪ್ಪನ್ನು ಬಾಯಿಮಾತಿನಲ್ಲಿ ತೋರಿಸಿದರೆ ಸಾಕಾಯಿತು. ಐದರದ್ದಕ್ಕೆ ‘ಸರಿಯಾಗಿದೆ’ ಎಂಬ ಖಾತರಿಯಷ್ಟೇ ಬೇಕಿತ್ತು. ಇನ್ನೊಂದು ಅಂಶ ಇಷ್ಟೇ ಮುಖ್ಯವಾದದ್ದು: ಸರಿಯಾದ ಜೋಡಣೆಯನ್ನು ಮಾಡಲು ಬರುವ ಮೊದಲೇ ಮಕ್ಕಳು ಅದನ್ನು ಗುರುತಿಸಬಲ್ಲರು.

1978ರಲ್ಲಿ ವೈಗಾಟ್ಸ್ಕಿಯ ಬರಹಗಳ ಮತ್ತೊಂದು ಸಂಕಲನ ಇಂಗ್ಲಿಷಿಗೆ ಬಂತು. ಮಗು ನೆರವಿದ್ದರೆ ಮಾಡಬಲ್ಲದ್ದಕ್ಕೂ ಒಂಟಿಯಾಗಿ ಮಾಡಬಲ್ಲದ್ದಕ್ಕೂ ನಡುವಿನ ಅಂತರವಾದ ‘ಸಮೀಪ ವಿಕಾಸ ವಲಯ’ ಅದರಿಂದ ಮನೆಮಾತಾಯಿತು. ಮರುವರ್ಷ ಶಿಕ್ಷಣತಜ್ಞೆ ಕೋರ್ಟ್ನಿ ಕ್ಯಾಜ್ಡನ್ ಎರಡು ವಿಚಾರಗಳನ್ನೂ ಬೆಸೆದಳು. ಮುಂದೆ ಅವು ಒಂದೇ ಎಂಬ ಭಾವನೆ ಬೆಳೆಯಿತು.

2019ರಲ್ಲಿ ಅನ್ನಾ ಶ್ವಾರ್ಟ್ಸ್ ಮತ್ತು ಆರ್ಥರ್ ಬಾಕ್ಕರ್ ಪ್ರಕಟಿಸಿದ ಸಂಶೋಧನೆ ಈ ಚರಿತ್ರೆಯನ್ನು ಮತ್ತೆ ತೆರೆಯಿತು. ಅದರ ಪ್ರಕಾರ ವೈಗಾಟ್ಸ್ಕಿ ಮತ್ತು ಆತನ ಸಹೋದ್ಯೋಗಿ ಅಲೆಕ್ಸಾಂಡರ್ ಲೂರಿಯಾ ತಮ್ಮ 1930ರ ಪುಸ್ತಕದಲ್ಲಿಯೇ, ಪೀಠೋಪಕರಣ ಹಿಡಿದು ಹೆಜ್ಜೆ ಇಡುವ ಮಗುವಿನ ನಡಿಗೆ ಇನ್ನೂ ಸಾರುವೆಯೊಳಗಿದೆ ಎಂದು ಬರೆದಿದ್ದರು. ಹೋಲಿಕೆ ಅವರಿಗೆ ಹೊಸದಲ್ಲ. ಆದರೂ ಅವರ ಸಾರುವೆ ಮಗು ತಾನೇ ಹಿಡಿದುಕೊಂಡದ್ದು, ಬೋಧಕ ಕಟ್ಟಿಕೊಟ್ಟದ್ದಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಇನ್ನು ತರಗತಿಯ ಬಳಕೆಗೆ ಬಂದರೆ, 1984ರಲ್ಲಿ ಸಂಶೋಧಕರಾದ ಪಾಲಿಂಕ್ಸರ್ ಮತ್ತು ಬ್ರೌನ್ ಓದಿನ ಗ್ರಹಿಕೆ ಕಲಿಸಲು ಸಾರುವೆಯ ಕ್ರಮವನ್ನು ಬಳಸಿದರು. ಆಮೇಲೆ ಗಣಿತ, ವಿಜ್ಞಾನ, ಕಂಪ್ಯೂಟರ್ ಪಾಠಗಳಿಗೂ ಅದು ಹರಡಿತು. ಹರಡಿದಷ್ಟೂ ಅರ್ಥ ಸಡಿಲವಾಗಿ, ಎಂದೂ ತೆಗೆಯದ ನೆರವನ್ನೂ ಸಾರುವೆ ಎಂದು ಕರೆಯುವುದು ಶುರುವಾಯಿತು. 2010ರಲ್ಲಿ ಯಾನೆಕೆ ವಾನ್ ಡೆ ಪೋಲ್ ಮತ್ತು ಸಂಗಡಿಗರು ಮಾಡಿದ ವಿಮರ್ಶೆ ಮೂರು ಲಕ್ಷಣಗಳನ್ನು ಎತ್ತಿಹಿಡಿಯಿತು: ಕಲಿಯುವವರ ಮಟ್ಟಕ್ಕೆ ತಕ್ಕ ನೆರವು, ಅದನ್ನು ಹಂತಹಂತವಾಗಿ ತಗ್ಗಿಸುವುದು, ಹೊಣೆ ಅವರಿಗೇ ವರ್ಗವಾಗುವುದು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಮೂರೂ ಒಂದೇ ಕೋಣೆಯಲ್ಲಿ ಕಾಣಸಿಗುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿ ವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಿತವಾಗಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿ ಏರುತ್ತಾರೆ. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಭಾಗಶಃ ನೆರವಿನದಕ್ಕೆ, ಅಲ್ಲಿಂದ ಗೆಳೆಯರ ನೆರವಿಗೆ, ಕೊನೆಗೆ ಸ್ವಕಲಿಕೆಗೆ ಮಗು ತನ್ನ ವೇಗದಲ್ಲಿ ಸರಿಯುತ್ತದೆ.